ಹಾರದ ದಿನದ ಸಂಬಳ

ಸ್ವಂತಕ್ಕೆಂದು ವಿಮಾನವೊಂದನ್ನು ಕೊಂಡು, ಅದನ್ನು ನಡೆಸಲು ಚಾಲಕನೊಬ್ಬನನ್ನು ಕರಾರಿನ ಮೇಲೆ ಗೊತ್ತುಮಾಡಿಕೊಳ್ಳುವ ಧನಿಕನಿಗೆ, ಯಂತ್ರದ ಬೆಲೆ, ಇಂಧನದ ವೆಚ್ಚ, ಹ್ಯಾಂಗರಿನ ಬಾಡಿಗೆ, ವಿಮೆಯ ಕಂತು ಇವೆಲ್ಲವೂ ಕಾಸುಕಾಸಿನವರೆಗೆ ಲೆಕ್ಕಕ್ಕೆ ಸಿಕ್ಕುವಂಥವು. ಸಿಕ್ಕದೆ ನುಣುಚಿಕೊಳ್ಳುವುದು ಆ ಚಾಲಕನಿಗೆ ಸಲ್ಲತಕ್ಕ ಸಂಬಳವೊಂದೇ. ತಿಂಗಳಿನಲ್ಲಿ ಆರೇಳು ದಿನ ಮಾತ್ರ ಹಾರುವ ವಿಮಾನಕ್ಕಾಗಿ ಮೂವತ್ತು ದಿನದ ಸಂಬಳವನ್ನೇಕೆ ತೆರಬೇಕೆಂದು ಒಡೆಯನಿಗೆ ತೋರುತ್ತದೆ; ಆ ಆರೇಳು ದಿನ ಯಾವುವೆಂಬುದು ಮುಂಚಿತವಾಗಿ ತಿಳಿಯದಿರುವಾಗ ಮೂವತ್ತು ದಿನವೂ ತಾನು ಅವನ ಕರೆಗೆ ಕಿವಿಗೊಟ್ಟೇ ಇದ್ದಂತಾಯಿತಲ್ಲವೆ ಎಂದು ಚಾಲಕನಿಗೆ ತೋರುತ್ತದೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಈ ವ್ಯಾಜ್ಯಕ್ಕೆ ಈಗ ಒಂದು ಶತಮಾನದ ಇತಿಹಾಸವಿದೆ. ಅದು ಮುಖ್ಯವಾಗಿ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಚಾಲಕನ ದುಡಿಮೆಯನ್ನು ಮೊದಲು ಮೈಲಿಯಿಂದಲೂ, ಅನಂತರ ಗಂಟೆಯಿಂದಲೂ ವೇಗದಿಂದಲೂ ತೂಕದಿಂದಲೂ, ಕಟ್ಟಕಡೆಗೆ ದಿನದಿಂದಲೂ ಅಳೆಯುತ್ತ ಬಂದ ಪರಿಯನ್ನು ಅವಲೋಕಿಸಿದರೆ, ಹಣ ಕೊಡುವವನು ತಾನು ಕೊಳ್ಳುತ್ತಿರುವುದು ಏನನ್ನು ಎಂಬುದನ್ನು ಅರಿಯಲು ಎಷ್ಟು ದೀರ್ಘಕಾಲ ಹಿಡಿಯಿತೆಂಬುದು ಮನದಟ್ಟಾಗುತ್ತದೆ.

ಮೊದಲನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ತನ್ನಲ್ಲಿ ಮಿಕ್ಕಿದ್ದ ‘ಜೆನ್ನಿ’ ಎಂಬ ತರಬೇತಿ ವಿಮಾನಗಳನ್ನು ಕೆಲವು ನೂರು ಡಾಲರುಗಳಿಗೆ ಮಾರಿಬಿಟ್ಟಿತು. ಅವನ್ನು ಕೊಂಡ ತರುಣರು ಊರೂರಿನ ಹುಲ್ಲುಗಾವಲುಗಳಲ್ಲಿ ಇಳಿದು, ತಲೆಗೆ ಐದು ಡಾಲರಿನಂತೆ ಜನರನ್ನು ಹತ್ತಿಸಿಕೊಂಡು, ಅವರವರ ಮನೆಯ ಮಾಡನ್ನು ಅವರವರಿಗೆ ಮೇಲಿನಿಂದ ತೋರಿಸಿ ಹೊಟ್ಟೆ ಹೊರೆದರು. ಅವರಿಗೆ ತಾವೇ ಒಡೆಯರು, ತಾವೇ ಆಳುಗಳು. ಆದಕಾರಣ ಸಂಬಳದ ಪ್ರಶ್ನೆ ಹುಟ್ಟುವಂತಿರಲಿಲ್ಲ.

ಆ ಪ್ರಶ್ನೆಯನ್ನು ಹುಟ್ಟಿಸಿದ್ದು ಅಂಚೆ ಇಲಾಖೆ. 1918ರ ಮೇ 15ರಂದು ವಾಷಿಂಗ್ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್ ನಗರಗಳ ನಡುವೆ ಸೈನ್ಯದ ಚಾಲಕರಿಂದ ಆರಂಭವಾದ ವಿಮಾನ ಟಪಾಲನ್ನು ಅದೇ ವರ್ಷದ ಆಗಸ್ಟ್ 12ರಿಂದ ಇಲಾಖೆ ತಾನೇ ವಹಿಸಿಕೊಂಡು, ತನ್ನದೇ ಚಾಲಕರನ್ನು ನೇಮಿಸಿಕೊಂಡಿತು. ಇದರ ಮೇಲ್ವಿಚಾರಣೆ ಹೊತ್ತಿದ್ದ ಆಟೋ ಪ್ರೇಗರ್ ಎಂಬಾತ ಪತ್ರಿಕಾವೃತ್ತಿಯಿಂದ ಅಂಚೆಯ ಅಧಿಕಾರಕ್ಕೆ ಬಂದವನು. ವಿಮಾನವನ್ನು ರೈಲುಗಾಡಿಯಂತೆ ವೇಳಾಪಟ್ಟಿಗೆ ಕಟ್ಟಿಹಾಕಬೇಕೆಂಬುದು ಆತನ ಹಟ. ಆ ಹಟವನ್ನು ಕೇವಲ ಅವಿವೇಕವೆಂದು ತಳ್ಳಿಹಾಕುವುದು ತರವಲ್ಲ. ಹೊತ್ತಿಗೆ ಸರಿಯಾಗಿ ತಲುಪದ ಟಪಾಲಿಗೆ ಶಾಸನಸಭೆಯಿಂದ ಹಣ ಮಂಜೂರು ಮಾಡಿಸಿಕೊಳ್ಳುವುದು ಅಂದು ಸುಲಭವಾಗಿರಲಿಲ್ಲ. ಆದರೆ ವಾಷಿಂಗ್ಟನ್ನಿನ ಮೇಜಿನ ಮುಂದೆ ಕುಳಿತವನಿಗೆ ಕಾಣುವ ಆಕಾಶ ಒಂದು, ವಿಮಾನದ ಪೀಠದಲ್ಲಿ ಕುಳಿತವನಿಗೆ ಕಾಣುವ ಆಕಾಶ ಮತ್ತೊಂದು.

1919ರ ಜುಲೈ ತಿಂಗಳಿನಲ್ಲಿ ಈ ಎರಡು ಆಕಾಶಗಳಿಗೂ ಘರ್ಷಣೆಯಾಯಿತು. ಆಗ ನ್ಯೂಯಾರ್ಕಿನ ಟಪಾಲು ವಿಮಾನಗಳು ಹೊರಡುತ್ತಿದ್ದುದು ಬೆಲ್ಮಾಂಟ್ ಪಾರ್ಕ್ ಎಂಬ ಕುದುರೆ ಪಂದ್ಯದ ಬಯಲಿನಿಂದ. ಒಂದು ದಿನ ಬೆಳಗ್ಗೆ ಆ ಬಯಲಿನ ಮೇಲೆ ನೆಲಕ್ಕೆ ತಾಗಿದಂತೆ ಮಂಜು ಕವಿದಿತ್ತು. ಲಿಯಾನ್ ಸ್ಮಿತ್ ಎಂಬ ಚಾಲಕ ಹಾರಲೊಲ್ಲೆನೆಂದ; ಅವನ ಬದಲಿಗೆ ಕರೆದ ಹ್ಯಾಮಿಲ್ಟನ್ ಲೀ ಸಹ ಒಲ್ಲೆನೆಂದ. ಪ್ರೇಗರ್ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿದ. ಒಡನೆಯೇ ಉಳಿದ ಚಾಲಕರು ಮುಷ್ಕರ ಹೂಡಿದರು. ಕೆಲವು ದಿನ ಟಪಾಲು ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಕೊನೆಗೆ ರಾಜಿಯಾದಾಗ ಲೀ ಮರಳಿ ಕೆಲಸಕ್ಕೆ ಬಂದ, ಸ್ಮಿತ್ ಬರಲಿಲ್ಲ. ಆದರೆ ಹವೆ ಹಾರಾಟಕ್ಕೆ ತಕ್ಕುದೇ ಅಲ್ಲವೇ ಎಂಬ ತೀರ್ಮಾನ ಇನ್ನು ಮುಂದೆ ದೂರದ ರಾಜಧಾನಿಯಲ್ಲಿ ಆಗದೆ ಆಯಾ ನಿಲ್ದಾಣದಲ್ಲಿಯೇ ಆಗತಕ್ಕದ್ದು ಎಂಬ ಒಪ್ಪಂದ ಉಳಿಯಿತು. ವಿಮಾನ ಚಾಲಕರ ಮೊತ್ತಮೊದಲ ಮುಷ್ಕರ ಹೆಚ್ಚಿನ ಸಂಬಳಕ್ಕಾಗಿ ನಡೆಯದೆ, ಬೇಡವೆನ್ನುವ ಅಧಿಕಾರಕ್ಕಾಗಿ ನಡೆಯಿತು. ಮುಂದಿನ ಸಂಬಳದ ಚರಿತ್ರೆಯನ್ನು ಓದುವಾಗ ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

ಇಲಾಖೆ ಕಾಲಕ್ರಮದಲ್ಲಿ ನೆಲೆಗೊಳಿಸಿದ ಸಂಬಳದ ಕ್ರಮ ಹೀಗಿತ್ತು: ವರ್ಷಕ್ಕೆ 2,000ದಿಂದ 2,800 ಡಾಲರುಗಳವರೆಗೆ ಮೂಲವೇತನ, ಅದರ ಮೇಲೆ ಹಾರಿದ ಪ್ರತಿ ಮೈಲಿಗೆ 5ರಿಂದ 7 ಸೆಂಟ್, ಬೆಟ್ಟಗುಡ್ಡಗಳ ಅಪಾಯದ ದಾರಿಗೆ ಹೆಚ್ಚಿನ ದರ, ಬಯಲಿಗೆ ಕಡಿಮೆ, ರಾತ್ರಿಯ ಹಾರಾಟಕ್ಕೆ ಮೈಲಿಯ ದರ ಇಮ್ಮಡಿ. ಮೇಲುನೋಟಕ್ಕೆ ಇದು ಎಷ್ಟು ಹದವಾದ ಏರ್ಪಾಡೆಂದು ತೋರುತ್ತದೆ! ಅಪಾಯವನ್ನು ಗುರುತಿಸಿದೆ, ಶ್ರಮವನ್ನು ಗುರುತಿಸಿದೆ, ಕತ್ತಲೆಯನ್ನು ಸಹ ಗುರುತಿಸಿದೆ. ಆದರೆ ಮುಷ್ಕರದಲ್ಲಿ ಚಾಲಕರು ಗಳಿಸಿಕೊಂಡದ್ದನ್ನು ಈ ಪಟ್ಟಿ ಹಿಂಬಾಗಿಲಿನಿಂದ ಕಿತ್ತುಕೊಂಡಿತೆಂದು ನಮಗೆ ತೋರುತ್ತದೆ. ಮಂಜು ಕವಿದ ದಿನ ನೆಲದ ಮೇಲೆ ನಿಂತವನಿಗೆ ಮೈಲಿಯೂ ಇಲ್ಲ, ಸೆಂಟೂ ಇಲ್ಲ. ಪ್ರೇಗರನ ಆಜ್ಞೆ ಬಲಾತ್ಕಾರದಿಂದ ಮಾಡಿಸಲಾರದೆ ಹೋದುದನ್ನು ಚಾಲಕನ ಜೇಬೇ ಅವನ ಕೈಯಲ್ಲಿ ಮಾಡಿಸುವಂತಾಯಿತು. ಮನೆಯ ಬಾಡಿಗೆ ಕಟ್ಟಬೇಕಾದ ವಾರದಲ್ಲಿ ಮಂಜು ಸ್ವಲ್ಪ ತೆಳುವಾಗಿ ಕಾಣುವುದು ಮನುಷ್ಯಸ್ವಭಾವ.

ಇಂಥ ಸಂಬಳಕ್ಕೆ ಎಂಥ ಕೆಲಸ ನಡೆಯುತ್ತಿತ್ತೆಂಬುದಕ್ಕೆ 1921ರ ಫೆಬ್ರುವರಿ 22ರ ರಾತ್ರಿಯನ್ನು ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಹಗಲು ರಾತ್ರಿ ಎಡೆಬಿಡದೆ ಟಪಾಲು ಸಾಗಿಸಿ ತೋರಿಸದಿದ್ದರೆ ಯೋಜನೆಗೆ ಹಣ ನಿಲ್ಲುವ ಭಯವಿದ್ದ ಕಾಲವದು. ಜ್ಯಾಕ್ ನೈಟ್ ಎಂಬ ಚಾಲಕ ನೆಬ್ರಾಸ್ಕದ ನಾರ್ತ್ ಪ್ಲ್ಯಾಟ್ ಊರಿನಿಂದ ಹೊರಟು, ದಾರಿಯುದ್ದಕ್ಕೂ ಊರಿನವರು ಹೊಲಗಳಲ್ಲಿ ಹಚ್ಚಿಟ್ಟ ಬೆಂಕಿಯ ಕುರುಹಿನಿಂದ ದಿಕ್ಕು ಹಿಡಿದು ಮಧ್ಯರಾತ್ರಿ ಕಳೆದಮೇಲೆ ಓಮಹಾ ನಗರದಲ್ಲಿ ಇಳಿದ. ಅಲ್ಲಿಂದ ಮುಂದಕ್ಕೆ ಒಯ್ಯಬೇಕಾಗಿದ್ದ ಚಾಲಕ ಹಿಮಪಾತದ ದೆಸೆಯಿಂದ ಬಂದೇ ಇರಲಿಲ್ಲ. ತಾನು ಎಂದೂ ಹಾರದಿದ್ದ ಆ ದಾರಿಯನ್ನು ನೈಟ್ ಒಂದು ಭೂಪಟದ ಸಹಾಯದಿಂದ ಹಿಡಿದು, ಅಯೋವಾ ಸಿಟಿಯಲ್ಲಿ ಕಾವಲುಗಾರನೊಬ್ಬ ತೋರಿಸಿದ ದೀವಟಿಗೆಯ ಬೆಳಕಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಬೆಳಗಿನ ಹೊತ್ತಿಗೆ ಷಿಕಾಗೋ ಮುಟ್ಟಿದ. ದೇಶದ ಆ ಅಂಚಿನಿಂದ ಈ ಅಂಚಿಗೆ ಟಪಾಲು 33 ಗಂಟೆ 20 ನಿಮಿಷದಲ್ಲಿ ಬಂದಿತು. ಪತ್ರಿಕೆಗಳು ಅವನನ್ನು ವೀರನೆಂದು ಹೊಗಳಿದುವು. ಇಲಾಖೆಯ ಲೆಕ್ಕದ ಪುಸ್ತಕದಲ್ಲಾದರೋ ಆ ರಾತ್ರಿ ಇಷ್ಟು ಮೈಲಿ, ಮೈಲಿಗೆ ಇಷ್ಟು ಸೆಂಟ್ ಎಂಬುದಕ್ಕಿಂತ ಹೆಚ್ಚಿನ ಬೆಲೆಗೆ ಎಡೆಯಿರಲಿಲ್ಲ. ದಾರಿಯುದ್ದಕ್ಕೂ ಮಾರ್ಗದೀಪಗಳನ್ನು ನೆಟ್ಟು ರಾತ್ರಿಯ ಹಾರಾಟವನ್ನು ನಿತ್ಯದ ಏರ್ಪಾಡಾಗಿ ಮಾಡಿದ್ದು 1924ರ ಜುಲೈಯಿಂದ. ಇಲಾಖೆ ತಾನೇ ಟಪಾಲು ಹಾರಿಸಿದ ಒಂಬತ್ತು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಚಾಲಕರು ಕೆಲಸದ ಮೇಲೆಯೇ ಮಡಿದರು.

1925ರ ಕೆಲಿ ಕಾಯಿದೆಯಿಂದ ಟಪಾಲು ಖಾಸಗಿ ಗುತ್ತಿಗೆದಾರರ ಕೈಗೆ ಹೋಯಿತು. ಚಾಲಕರೂ ಅವರ ಹಳೆಯ ಸಂಬಳದ ಕ್ರಮವೂ ಹೊಸ ಕಂಪನಿಗಳಿಗೆ ವರ್ಗವಾದುವು. ಆ ಕಂಪನಿಗಳ ಹುಟ್ಟುಸಾವುಗಳು ನಮಗಿಲ್ಲಿ ಪ್ರಸ್ತುತವಲ್ಲ. ಅದೇ ದಶಕದಲ್ಲಿ ಮತ್ತೊಂದು ಬಗೆಯ ಒಡೆಯ ಕಾಣಿಸಿಕೊಂಡ; ಟಪಾಲಿಗೂ ಪ್ರಯಾಣಿಕರಿಗೂ ಸಂಬಂಧವಿಲ್ಲದೆ ತನ್ನ ಸ್ವಂತ ಓಡಾಟಕ್ಕೆಂದು ವಿಮಾನವಿಟ್ಟುಕೊಂಡವನು ಅವನು. ಒಕ್ಲಹೋಮದ ಎಣ್ಣೆಬಾವಿಗಳ ನಾಡಿನಲ್ಲಿ ಇಂಥವರು ಬೇಗನೆ ಹುಟ್ಟಿಕೊಂಡದ್ದು ಸಹಜವಾಗಿತ್ತು. ಎಲ್ಲಿಯೋ ಎಣ್ಣೆ ಚಿಮ್ಮಿತೆಂಬ ಸುದ್ದಿ ಬಂದರೆ, ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ ಸುತ್ತಲಿನ ನೆಲವನ್ನು ಕರಾರಿಗೆ ಹಿಡಿದವನಿಗೆ ಲಾಭ.

ಅಂಥವರಲ್ಲಿ ಚಿಕಶೇ ಊರಿನ ಎಫ್. ಸಿ. ಹಾಲ್ ಒಬ್ಬ. ಆತನೂ ಆತನ ಪಾಲುದಾರ ಪವೆಲ್ ಬ್ರಿಸ್ಕೊನೂ 1928ರಲ್ಲಿ ವೈಲಿ ಪೋಸ್ಟ್ ಎಂಬ ತರುಣನನ್ನು ತಮ್ಮ ಖಾಸಾ ಚಾಲಕನಾಗಿ ನೇಮಿಸಿಕೊಂಡರು. ಪೋಸ್ಟನಿಗೆ ಇದ್ದುದು ಒಂದೇ ಕಣ್ಣು. 1926ರಲ್ಲಿ ಎಣ್ಣೆಬಾವಿಯ ಕೆಲಸದಲ್ಲಿರುವಾಗ ಲೋಹದ ಚೂರು ಸಿಡಿದು ಅವನ ಎಡಗಣ್ಣು ಹೋಗಿತ್ತು. ಅದಕ್ಕೆ ಪರಿಹಾರವಾಗಿ ಬಂದ ಹದಿನೇಳು ಹದಿನೆಂಟು ನೂರು ಡಾಲರಿನಲ್ಲಿ ಅವನು ಕೊಂಡದ್ದು ಒಂದು ಹಳೆಯ ವಿಮಾನವನ್ನು. ಇಂಥವನನ್ನು ನಂಬಿ ತನ್ನ ಪ್ರಾಣವನ್ನು ಒಪ್ಪಿಸಿದ ಹಾಲನ ಎದೆಗಾರಿಕೆಯೂ ಮೆಚ್ಚತಕ್ಕದ್ದೇ. ಹಾಲ್ ಲಾಕ್‌ಹೀಡ್ ಕಂಪನಿಯ ‘ವೇಗಾ’ ವಿಮಾನವನ್ನು ಕೊಂಡು ಅದಕ್ಕೆ ತನ್ನ ಮಗಳ ಹೆಸರಾದ ‘ವಿನಿ ಮೇ’ ಎಂಬುದನ್ನಿಟ್ಟ. ಆರ್ಥಿಕ ಮುಗ್ಗಟ್ಟು ಬಂದಾಗ ಅದನ್ನು ಕಂಪನಿಗೇ ಹಿಂತಿರುಗಿ ಮಾರಿದ. 1930ರಲ್ಲಿ ಕೈ ಸ್ವಲ್ಪ ಚೇತರಿಸಿಕೊಂಡ ಮೇಲೆ ಅದೇ ಬಗೆಯ ಹೊಸ ವಿಮಾನವನ್ನು ಅದೇ ಹೆಸರಿನಿಂದ ಕೊಂಡು ಪೋಸ್ಟನನ್ನು ಮತ್ತೆ ಕರೆಸಿಕೊಂಡ. ಈ ನೇಮಕದಲ್ಲಿ ಸಂಬಳಕ್ಕಿಂತ ಮಿಗಿಲಾದ ಅಂಶವೊಂದಿತ್ತು: ಒಡೆಯನಿಗೆ ವಿಮಾನ ಬೇಡವಾದ ದಿನಗಳಲ್ಲಿ ಚಾಲಕ ಅದನ್ನು ತನ್ನ ಪಂದ್ಯಗಳಿಗೂ ದಾಖಲೆಯ ಯತ್ನಗಳಿಗೂ ಉಪಯೋಗಿಸಿಕೊಳ್ಳಬಹುದು. ಅದೇ ವರ್ಷ ಪೋಸ್ಟ್ ಲಾಸ್ ಏಂಜಲೀಸಿನಿಂದ ಷಿಕಾಗೋವರೆಗಿನ ಪಂದ್ಯವನ್ನು ಗೆದ್ದ. 1931ರ ಜೂನ್ 23ರಂದು ಹೆರಾಲ್ಡ್ ಗ್ಯಾಟಿ ಎಂಬ ದಾರಿಶೋಧಕನೊಡನೆ ಹೊರಟು 8 ದಿನ 15 ಗಂಟೆ 51 ನಿಮಿಷಗಳಲ್ಲಿ ಭೂಮಂಡಲವನ್ನು ಸುತ್ತಿ ಬಂದ. ತರುವಾಯ ವಿಮಾನ ಅವನ ಸ್ವಂತವಾಯಿತು. 1933ರಲ್ಲಿ ಅವನು ಒಬ್ಬನೇ ಮತ್ತೊಮ್ಮೆ ಭೂಪ್ರದಕ್ಷಿಣೆ ಮಾಡಿದ.

ಹಾಲನ ಈ ಔದಾರ್ಯವನ್ನು ವಿಮಾನಚರಿತ್ರೆ ಬರೆದವರೆಲ್ಲ ಕೊಂಡಾಡಿದ್ದಾರೆ, ಕೊಂಡಾಡತಕ್ಕದ್ದೂ ಹೌದು. ಆದರೆ ಸಂಬಳದ ಇತಿಹಾಸ ಬರೆಯುವವನು ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಗದಿನ ಬದಲು ಅವಕಾಶವನ್ನು ಕೊಡುವ ಈ ಪದ್ಧತಿ ಫಲಿಸಿದ್ದು ಪೋಸ್ಟನಂಥ ಅಸಾಮಾನ್ಯನಿಗೆ. ಸಾಮಾನ್ಯರಾದ ನೂರು ಮಂದಿಗೆ ಅದೇ ಪದ್ಧತಿ ಕಡಿಮೆ ಸಂಬಳಕ್ಕೆ ನೆಪವಾಯಿತು. ನನ್ನ ವಿಮಾನದಲ್ಲಿ ನಿನಗೆ ಹಾರಾಟದ ಗಂಟೆಗಳು ಸೇರುತ್ತವೆ, ಅದೇ ನಿನ್ನ ಲಾಭವೆಂದು ಹೇಳಿ ತರುಣ ಚಾಲಕರನ್ನು ಅಗ್ಗಕ್ಕೆ ದುಡಿಸಿಕೊಳ್ಳುವ ಒಡೆಯರು ಇಂದಿಗೂ ಉಂಟು. ಅನುಭವವಿಲ್ಲದವನು ಅಗ್ಗವೆಂದು ತನ್ನ ಹೆಂಡತಿಮಕ್ಕಳನ್ನು ಅವನ ಹಿಂದೆ ಕೂರಿಸುವ ಒಡೆಯನ ಗಣಿತ ನಮಗಂತೂ ಅರ್ಥವಾಗದು.

ದೊಡ್ಡ ಕಂಪನಿಗಳ ಚಾಲಕರು ಇಷ್ಟರಲ್ಲಿ ಒಗ್ಗಟ್ಟಾಗಿದ್ದರು. 1931ರಲ್ಲಿ ಡೇವಿಡ್ ಬೆನ್‌ಕಿಯ ನೇತೃತ್ವದಲ್ಲಿ ಅವರ ಸಂಘ ಸ್ಥಾಪಿತವಾಯಿತು. ಮರುವರ್ಷ ಫೆಬ್ರುವರಿಯಲ್ಲಿ, ಮೋಟಾರು ಉದ್ಯಮಿ ಇ. ಎಲ್. ಕಾರ್ಡ್ ತನ್ನ ಸೆಂಚುರಿ ಏರ್‌ಲೈನ್ಸಿನಲ್ಲಿ ಸಂಬಳ ಕಡಿತ ಮಾಡಿದಾಗ, ಷಿಕಾಗೋ ನಗರದಲ್ಲಿ ಚಾಲಕರು ಅವನನ್ನು ಎದುರಿಸಿ ನಿಂತರು. ಶಾಸನಸಭೆಯಲ್ಲಿ ಫಿಯೊರೆಲ್ಲೊ ಲಗ್ವಾರ್ಡಿಯ ಅವರ ಪರವಾಗಿ ಮಾತಾಡಿದ. ಕೆಲವು ತಿಂಗಳಲ್ಲಿಯೇ ಕಾರ್ಡ್ ತನ್ನ ಕಂಪನಿಯನ್ನು ಮಾರಿದ. ಅದೇ 1932ರ ಅಕ್ಟೋಬರ್ 15ರಂದು ನಮ್ಮ ದೇಶದಲ್ಲಿ ಕರಾಚಿಯಿಂದ ಮುಂಬಯಿಯವರೆಗೆ ಜೆ. ಆರ್. ಡಿ. ಟಾಟಾ ತಂದ ಟಪಾಲನ್ನು ನೆವಿಲ್ ವಿನ್‌ಸೆಂಟ್ ಎತ್ತಿಕೊಂಡು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದ. ಸರ್ಕಾರದಿಂದ ಸಹಾಯಧನವಿಲ್ಲದೆ, ಹೊತ್ತ ಟಪಾಲಿನ ಮೇಲಣ ಆದಾಯವನ್ನೇ ನಂಬಿ ನಡೆದ ಆ ಸಾಹಸದಲ್ಲಿ ಹಾರಿದರೆ ಹಣ, ಇಲ್ಲದಿದ್ದರೆ ಇಲ್ಲ ಎಂಬ ನಿಯಮ ಚಾಲಕನೊಬ್ಬನಿಗಲ್ಲದೆ ಇಡೀ ಕಂಪನಿಗೇ ಅನ್ವಯಿಸಿತ್ತು. ಮುಂಗಾರು ಹಿಡಿದು ಜುಹು ಬಯಲು ಕೆಸರಾದರೆ ವಿಮಾನಗಳು ಪುಣೆಯನ್ನು ಆಶ್ರಯಿಸಬೇಕಾಗುತ್ತಿತ್ತು.

ಅಮೆರಿಕದಲ್ಲಿ ಮೈಲಿಯ ಲೆಕ್ಕಕ್ಕೆ ಕೊನೆಗಾಲ ತಂದದ್ದು ಚಾಲಕನ ಕಷ್ಟವಲ್ಲ, ಯಂತ್ರದ ವೇಗ. ಗಂಟೆಗೆ ನೂರು ಮೈಲಿಯ ಸುಮಾರಿಗೆ ಹೋಗುತ್ತಿದ್ದ ವಿಮಾನಗಳ ಜಾಗಕ್ಕೆ, 1933ರಲ್ಲಿ ನೂರೈವತ್ತನ್ನೂ ಮೀರಿ ಓಡುವ ಬೋಯಿಂಗ್ 247 ಬಂದಾಗ, ಮೈಲಿಗಿಷ್ಟೆಂದು ಸಂಬಳ ಪಡೆಯುವವನ ಗಳಿಕೆ ಅಷ್ಟರಮಟ್ಟಿಗೆ ಏರಿತು. ಕಂಪನಿಗಳು ಹಣ ಸುರಿದು ಕೊಂಡ ವೇಗದ ಲಾಭವನ್ನು ಚಾಲಕ ಒಯ್ಯುವುದೇ ಎಂದು ಕೇಳಿ, ಇನ್ನು ಮುಂದೆ ಗಂಟೆಯ ಲೆಕ್ಕವೆಂದು ಅವು ಸಾರಿದುವು. ಗಂಟೆಯ ಲೆಕ್ಕಕ್ಕೆ ಒಪ್ಪಿದರೆ ಇನ್ನೂ ವೇಗದ ವಿಮಾನಗಳು ಬಂದಂತೆ, ಅದೇ ದೂರವನ್ನು ಕಡಿಮೆ ಗಂಟೆಯಲ್ಲಿ ಕ್ರಮಿಸಿ ಕಡಿಮೆ ಸಂಬಳ ಪಡೆಯುವ ಗತಿ ತಮ್ಮದೆಂದು ಚಾಲಕರು ಪ್ರತಿ ಹೇಳಿದರು. ಮುಷ್ಕರದ ಅಂಚಿಗೆ ಬಂದ ಈ ವಿವಾದ, ಸೆನೆಟರ್ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷನಾಗಿದ್ದ ರಾಷ್ಟ್ರೀಯ ಕಾರ್ಮಿಕ ಮಂಡಲಿಯ ಮುಂದೆ ಹೋಯಿತು. ಆ ನಡುವೆ, 1934ರ ಫೆಬ್ರುವರಿಯಲ್ಲಿ, ಅಧ್ಯಕ್ಷ ರೂಸ್ವೆಲ್ಟ್ ಖಾಸಗಿ ಟಪಾಲು ಗುತ್ತಿಗೆಗಳನ್ನೇ ರದ್ದುಮಾಡಿ ಸೈನ್ಯದ ಚಾಲಕರ ಕೈಗೆ ಕೆಲಸವನ್ನು ಕೊಟ್ಟ. ಆ ದಾರಿಗಳ ಅಭ್ಯಾಸವಾಗಲಿ, ತಕ್ಕ ಉಪಕರಣಗಳಾಗಲಿ ಇಲ್ಲದ ಹನ್ನೆರಡರಷ್ಟು ಮಂದಿ ಸೈನಿಕರು ಕೆಲವೇ ವಾರಗಳಲ್ಲಿ ಸತ್ತರು. ಅನುಭವಸ್ಥನಾದ ಚಾಲಕನ ಬೆಲೆ ಎಷ್ಟೆಂಬುದನ್ನು ಇಷ್ಟು ಕ್ರೂರವಾಗಿ ಮತ್ತಾವ ವಿಚಾರಣೆಯೂ ಸಾಬೀತುಪಡಿಸಲಾರದು.

ಆ ಮಂಡಲಿ 1934ರ ಮೇ 10ರಂದು ಕೊಟ್ಟ 83ನೆಯ ತೀರ್ಪು ವಿಮಾನ ಚಾಲಕರ ಸಂಬಳಕ್ಕೆ ಮೊದಲ ಸ್ಮೃತಿಗ್ರಂಥವೆನ್ನಬಹುದು. ಸೇವೆಯ ವರ್ಷಗಳನ್ನು ಅನುಸರಿಸಿ ವರ್ಷಕ್ಕೆ 1,600 ಡಾಲರಿನಿಂದ 3,000 ಡಾಲರಿನವರೆಗೆ ಏರುವ ಮೂಲವೇತನ. ಅದರ ಮೇಲೆ ವಿಮಾನದ ವೇಗವನ್ನು ಅನುಸರಿಸಿ, ಹಗಲಿನಲ್ಲಿ ಗಂಟೆಗೆ 4 ಡಾಲರಿನಿಂದ 5 ಡಾಲರಿನವರೆಗೆ, ರಾತ್ರಿಯಲ್ಲಿ 6ರಿಂದ 7 ಡಾಲರ್ 50 ಸೆಂಟಿನವರೆಗೆ ಹಾರಾಟದ ವೇತನ. ಇವೆರಡರ ಮೇಲೆ ದೂರಕ್ಕೆಂದು ಒಂದು ಸಣ್ಣ ಪಾಲು. ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಯಾರೂ ಹಾರತಕ್ಕದ್ದಲ್ಲ. ಗಂಟೆಯೂ ಮೈಲಿಯೂ ಪರಸ್ಪರ ತಿನ್ನದಂತೆ ಒಂದಕ್ಕೊಂದನ್ನು ಹೆಣೆದ ಈ ಜಾಣ್ಮೆ ನಿಜಕ್ಕೂ ಶ್ಲಾಘ್ಯವಾದುದು. ಅದೇ ವರ್ಷದ ಜೂನ್ ತಿಂಗಳ ಟಪಾಲು ಕಾಯಿದೆಯೂ 1938ರ ವಿಮಾನಯಾನ ಕಾಯಿದೆಯೂ ಈ ತೀರ್ಪಿಗೆ ಶಾಸನದ ಬಲವನ್ನು ಕೊಟ್ಟುವು. ಎರಡನೆಯ ಮಹಾಯುದ್ಧಾನಂತರ ನಾಲ್ಕು ಎಂಜಿನಿನ ಭಾರಿ ವಿಮಾನಗಳು ಬಂದು, 1946ರ ಅಕ್ಟೋಬರಿನಲ್ಲಿ ಟಿಡಬ್ಲ್ಯುಎ ಕಂಪನಿಯ ಚಾಲಕರು ಆ ಸಂಬಂಧವಾಗಿ ಮುಷ್ಕರ ಹೂಡಿದ ಮೇಲೆ, ವಿಮಾನದ ಒಟ್ಟು ತೂಕಕ್ಕೆ ತಕ್ಕ ವೇತನವೆಂಬ ಮತ್ತೊಂದು ಎಳೆ ಈ ಹೆಣಿಗೆಗೆ ಸೇರಿತು.

ಇಷ್ಟೆಲ್ಲ ಆದರೂ, ಖಾಸಗಿ ಒಡೆಯನ ಚಾಲಕನಿಗೆ ಈ ಸ್ಮೃತಿಯ ನೆರಳು ಬೀಳಲಿಲ್ಲ. ಅವನಿಗೆ ಸಂಘವಿಲ್ಲ, ತೀರ್ಪಿಲ್ಲ, 85 ಗಂಟೆಯ ಮಿತಿಯೂ ಇಲ್ಲ. ಎದುರಿಗೆ ಒಬ್ಬನೇ ಒಡೆಯ, ಬಹುಮಟ್ಟಿಗೆ ಬಾಯಿಮಾತಿನ ಕರಾರು. ಯುದ್ಧ ಮುಗಿದಾಗ ಅಗ್ಗಕ್ಕೆ ಸಿಕ್ಕಿದ ಡಕೋಟಾ, ಬೀಚ್ 18 ಮೊದಲಾದ ಸೈನ್ಯದ ವಿಮಾನಗಳಿಗೆ ಮೆತ್ತನೆಯ ಆಸನಗಳನ್ನು ಹಾಕಿಸಿ ದೊಡ್ಡ ದೊಡ್ಡ ವ್ಯಾಪಾರಸಂಸ್ಥೆಗಳು ತಮ್ಮ ಅಧಿಕಾರಿಗಳ ಪ್ರಯಾಣಕ್ಕೆ ಬಳಸಿದುವು. ಸೈನ್ಯದಿಂದ ಬಿಡುಗಡೆಯಾದ ಚಾಲಕರು ಬೇಕಾದಷ್ಟಿದ್ದರು. ಒಡೆಯರು 1946ರಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಮುಂದೆ ಅದು ರಾಷ್ಟ್ರೀಯ ವ್ಯಾಪಾರ ವಿಮಾನಯಾನ ಸಂಘವೆಂದು ಹೆಸರಾಯಿತು. ಸಂಘ ಮೊದಲು ಕಟ್ಟಿದವರು ಒಡೆಯರೆಂಬುದೇ ಆ ಕಾಲದ ಬಲಾಬಲವನ್ನು ತಿಳಿಸುತ್ತದೆ.

ಈ ಖಾಸಾ ಚಾಲಕರ ಸಾಲಿನಲ್ಲಿ ಆಲ್ಬರ್ಟ್ ಯುಲ್ಚಿಯ ಕಥೆ ಬೇರೆಯೇ. ಕೆಂಟಕಿಯ ರೈತನ ಮಗನಾದ ಈತ, ‘ಲಿಟಲ್ ಹಾಕ್’ ಎಂಬ ಹೆಸರಿನ ತಿಂಡಿಯಂಗಡಿಯೊಂದನ್ನಿಟ್ಟು ಬಂದ ಹಣದಲ್ಲಿ ಹಾರಾಟ ಕಲಿತವನು. ಪ್ಯಾನ್ ಅಮೆರಿಕನ್ ಕಂಪನಿಯನ್ನು ಸೇರಿ, ಅದರ ಸಂಸ್ಥಾಪಕ ಹ್ವಾನ್ ಟ್ರಿಪ್ಪನ ಖಾಸಗಿ ಚಾಲಕನಾದ. ಒಡೆಯನನ್ನು ಇಳಿಸಿ ನಿಲ್ದಾಣಗಳಲ್ಲಿ ಕಾಯುವ ಹೊತ್ತಿನಲ್ಲಿ ತನ್ನಂಥ ಬೇರೆ ಚಾಲಕರೊಡನೆ ಮಾತಾಡುತ್ತ ಆತ ಕಂಡುಕೊಂಡದ್ದು, ಯುದ್ಧದಲ್ಲಿ ಬಾಂಬು ವಿಮಾನ ನಡೆಸಿದವರೇ ಈಗ ಯಾವ ಹೊಸ ತರಬೇತಿಯೂ ಇಲ್ಲದೆ ಉದ್ಯಮಪತಿಗಳನ್ನು ಹೊತ್ತು ಹಾರುತ್ತಿದ್ದಾರೆಂಬುದನ್ನು. 1951ರಲ್ಲಿ ಮನೆಯನ್ನು ಅಡವಿಟ್ಟು ನ್ಯೂಯಾರ್ಕಿನ ಲಗ್ವಾರ್ಡಿಯ ನಿಲ್ದಾಣದಲ್ಲಿ ಆತ ಫ್ಲೈಟ್‌ಸೇಫ್ಟಿ ಎಂಬ ತರಬೇತಿ ಸಂಸ್ಥೆಯನ್ನು ತೆರೆದ. ಆದರೂ ಟ್ರಿಪ್ಪನ ವಿಮಾನ ನಡೆಸುವುದನ್ನು 1968ರವರೆಗೂ ಬಿಡಲಿಲ್ಲ. ಆ ಸಂಸ್ಥೆಯನ್ನು 1996ರಲ್ಲಿ ವಾರೆನ್ ಬಫೆಟ್ಟನ ಕಂಪನಿ ಕೊಂಡಾಗ ಕೊಟ್ಟ ಬೆಲೆ ನೂರೈವತ್ತು ಕೋಟಿ ಡಾಲರ್. ಕಾಯುವ ಹೊತ್ತು ವ್ಯರ್ಥವೆನ್ನುವ ಒಡೆಯರು ಈ ಅಂಕಿಯನ್ನೊಮ್ಮೆ ನೋಡಬಹುದು.

ಯುಲ್ಚಿಯ ಶಾಲೆಯಿಂದ ಸಂಬಳದ ಪ್ರಶ್ನೆಗೆ ಹೊಸದೊಂದು ತೊಡಕು ಬಂದಿತೆಂಬುದನ್ನೂ ಹೇಳಬೇಕು. 1964ರಿಂದ ಲಿಯರ್‌ಜೆಟ್ಟಿನಂಥ ಪುಟ್ಟ ಜೆಟ್ ವಿಮಾನಗಳು ಖಾಸಗಿ ಒಡೆಯರ ಕೈಗೆ ಬಂದಮೇಲೆ, ಆಯಾ ಬಗೆಯ ವಿಮಾನಕ್ಕೆ ಪ್ರತ್ಯೇಕ ಅರ್ಹತೆ, ವರ್ಷ ವರ್ಷವೂ ಪುನಃ ಪರೀಕ್ಷೆ, ವಿಮಾ ಕಂಪನಿ ಒತ್ತಾಯಿಸುವ ಸಿಮ್ಯುಲೇಟರ್ ತರಬೇತಿ ಇವು ಅನಿವಾರ್ಯವಾದುವು. ಅವುಗಳ ವೆಚ್ಚ ಸಾವಿರ ಸಾವಿರ ಡಾಲರುಗಳು. ಅದನ್ನು ಹೊರತಕ್ಕವರು ಯಾರು? ಖಾಯಂ ನೌಕರನಾದರೆ ಒಡೆಯ ಹೊರುತ್ತಾನೆ, ವರ್ಷದೊಳಗೆ ಬಿಟ್ಟುಹೋದರೆ ಹಿಂತಿರುಗಿಸಬೇಕೆಂದು ಬರೆಸಿಕೊಳ್ಳುತ್ತಾನೆ. ಕರಾರಿನ ಚಾಲಕನಾದರೋ ಬಹುವೇಳೆ ತಾನೇ ತೆತ್ತು, ಅದನ್ನು ತನ್ನ ದರದಲ್ಲಿ ಸೇರಿಸಿಕೊಳ್ಳಬೇಕು. ಅಮೆರಿಕದ ತೆರಿಗೆಯ ನಿಯಮವೂ ಹಾಗೆಯೇ: ನೌಕರನ ಸಾಮಾಜಿಕ ಭದ್ರತೆ ಮೊದಲಾದ ತೆರಿಗೆಗಳಲ್ಲಿ ಅರ್ಧವನ್ನು ಒಡೆಯ ಹೊರುತ್ತಾನೆ, ಸ್ವತಂತ್ರ ಗುತ್ತಿಗೆಯವನು ಶೇಕಡಾ 15.3ರಷ್ಟನ್ನೂ ತಾನೇ ಕಟ್ಟಬೇಕು. ರಜೆಯಿಲ್ಲ, ಆರೋಗ್ಯ ವಿಮೆಯಿಲ್ಲ, ವೈದ್ಯಪರೀಕ್ಷೆಯಲ್ಲಿ ಒಂದು ಸಲ ಅನುತ್ತೀರ್ಣನಾದರೆ ಅಂದಿಗೆ ಜೀವನೋಪಾಯವೇ ಮುಗಿಯಿತು. ಕರಾರಿನ ಚಾಲಕ ಹೇಳುವ ದಿನದ ದರ ಕೇಳಿ ಹುಬ್ಬೇರಿಸುವ ಒಡೆಯನಿಗೆ, ಆ ದರದೊಳಗೆ ಅಡಗಿರುವ ಈ ಖರ್ಚುಗಳು ಕಾಣುವುದಿಲ್ಲ.

ದಿನದ ದರ ಎಂದೆನಷ್ಟೆ. ಮೈಲಿ, ಗಂಟೆ, ವೇಗ, ತೂಕಗಳೆಲ್ಲ ಆದಮೇಲೆ ಖಾಸಗಿ ವಿಮಾನಲೋಕ ಬಂದು ಮುಟ್ಟಿದ ಅಳತೆ ಅದು. ಯಾವ ಮಂಡಲಿಯೂ ವಿಧಿಸದೆ, ಬಳಕೆಯಿಂದ ತಾನಾಗಿ ನೆಲೆಗೊಂಡದ್ದು. ಅದರ ಔಚಿತ್ಯವನ್ನು ಕಾಣಲು ಚಾಲಕನ ಒಂದು ದಿನವನ್ನು ಹತ್ತಿರದಿಂದ ನೋಡಬೇಕು. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಹೊರಡುವುದೆಂದು ಒಡೆಯ ಹೇಳಿದ್ದರೆ, ಚಾಲಕ ಐದೂವರೆಗೆ ಹವಾಮಾನದ ವರದಿ ಓದಿ, ಆರಕ್ಕೆ ಹ್ಯಾಂಗರಿನಲ್ಲಿರುತ್ತಾನೆ. ಎಣ್ಣೆಯ ಮಟ್ಟ, ಟೈರಿನ ಗಾಳಿ, ಆಮ್ಲಜನಕದ ಒತ್ತಡ ನೋಡಿ, ಇಂಧನದಲ್ಲಿ ನೀರು ಸೇರಿಲ್ಲವೆಂದು ಗಾಜಿನ ಬಟ್ಟಲಿಗೆ ಇಳಿಸಿ ಬೆಳಕಿಗೆ ಹಿಡಿದು ಪರೀಕ್ಷಿಸಿ, ಕಾಫಿಯ ಫ್ಲಾಸ್ಕಿನಿಂದ ಹಿಡಿದು ಒಡೆಯನ ನಾಯಿಯ ಹೊದಿಕೆಯವರೆಗೆ ಎಲ್ಲವನ್ನೂ ಅಣಿಮಾಡುತ್ತಾನೆ. ಒಡೆಯ ಬರುವುದು ಹತ್ತು ಗಂಟೆಗೆ. ಎರಡು ಗಂಟೆಯ ಹಾರಾಟ. ಆಮೇಲೆ ಫ್ಲಾರಿಡಾದ ಯಾವುದೋ ಹೋಟೆಲಿನಲ್ಲಿ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಶನಿವಾರವನ್ನೆಲ್ಲ ಕಳೆಯಬೇಕು. ಗುಂಡು ಹಾಕುವಂತಿಲ್ಲ, ದೂರ ಹೋಗುವಂತಿಲ್ಲ. ಭಾನುವಾರ ಸಂಜೆ ಎಂದಿದ್ದ ಒಡೆಯ ಮಧ್ಯಾಹ್ನವೇ ಹೊರಡಬೇಕೆಂದರೆ ಹೊರಡಬೇಕು. ಗಂಟೆಯ ಲೆಕ್ಕದಲ್ಲಿ ಇದು ನಾಲ್ಕು ಗಂಟೆ. ದಿನದ ಲೆಕ್ಕದಲ್ಲಿ ಮೂರು ದಿನ. ನಮ್ಮಲ್ಲಿ ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆ ಕಾರು ಮಾಡಿಕೊಂಡು ಹೋದವರು, ಕಾರು ನಿಂತಿದ್ದ ದಿನಕ್ಕೂ ಡ್ರೈವರಿಗೆ ಬಾಟಾ ಕೊಡಬೇಕೆಂಬುದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ನೆಲದ ಮೇಲಿನ ಈ ಸಾಮಾನ್ಯ ಮರ್ಯಾದೆ ಆಕಾಶವನ್ನೇರಲು ಅರ್ಧ ಶತಮಾನ ಬೇಕಾಯಿತು.

ಆದರೆ ಹಳೆಯ ಅಳತೆಗಳು ಪೂರ್ತಿ ಸತ್ತಿಲ್ಲ. ಒಡೆಯರ ಸಂಘವೂ ವೃತ್ತಿಪತ್ರಿಕೆಗಳೂ ವರ್ಷಕ್ಕೊಮ್ಮೆ ಪ್ರಕಟಿಸುವ ಸಂಬಳದ ಪಟ್ಟಿಗಳಲ್ಲಿ ವಿಮಾನದ ಜಾತಿಯನ್ನು ಅನುಸರಿಸಿಯೇ ದರವಿರುತ್ತದೆ. ದೊಡ್ಡ ವಿಮಾನಕ್ಕೆ ದೊಡ್ಡ ಸಂಬಳ, ಚಿಕ್ಕದಕ್ಕೆ ಚಿಕ್ಕದು. ಇದು 1940ರ ದಶಕದ ತೂಕದ ಲೆಕ್ಕದ ಪಳೆಯುಳಿಕೆ. ಭಾರಿ ಜೆಟ್ಟಿನಲ್ಲಿ ಪಕ್ಕದಲ್ಲಿ ಸಹಚಾಲಕನಿರುತ್ತಾನೆ, ನೆಲದ ಮೇಲೆ ವಿಮಾನ ಸಿದ್ಧಪಡಿಸುವ ಸಿಬ್ಬಂದಿಯಿರುತ್ತದೆ. ಒಂಟಿ ಎಂಜಿನಿನ ಟರ್ಬೊಪ್ರಾಪಿನಲ್ಲಿ ಒಬ್ಬನೇ ಕುಳಿತು, ಮಳೆಗಾಳಿಯಲ್ಲಿ ತಾನೇ ರೇಡಿಯೋದಲ್ಲಿ ಮಾತಾಡಿ, ತಾನೇ ದಾರಿ ಹಿಡಿದು, ಇಳಿದಮೇಲೆ ತಾನೇ ಪೆಟ್ಟಿಗೆಗಳನ್ನಿಳಿಸುವವನ ಹೊಣೆ ಅದಕ್ಕಿಂತ ಕಡಿಮೆಯೆಂದು ಯಾರೂ ಹೇಳಲಾರರು. ಪಟ್ಟಿ ನೋಡಿ ದರ ಗೊತ್ತುಮಾಡುವುದು ಸುಲಭ. ನ್ಯಾಯವಾದುದೆಂದು ನಾವು ಒಪ್ಪಲಾರೆವು.

2009ರ ಫೆಬ್ರುವರಿಯಲ್ಲಿ ಬಫಲೋ ನಗರದ ಬಳಿ ಪ್ರಾಂತೀಯ ಕಂಪನಿಯೊಂದರ ವಿಮಾನ ಬಿದ್ದಾಗ, ಅದರ ಸಹಚಾಲಕಿಯ ವಾರ್ಷಿಕ ಗಳಿಕೆ ಸುಮಾರು 16,000 ಡಾಲರೆಂಬುದು ವಿಚಾರಣೆಯಲ್ಲಿ ಬೆಳಕಿಗೆ ಬಂದು ದೇಶವೇ ಬೆರಗಾಯಿತು. ಆ ದುರಂತದ ಫಲವಾಗಿ ಬಂದ ಕಾನೂನು ಪ್ರಯಾಣಿಕ ವಿಮಾನದ ಚಾಲಕರಿಗೆ ಸಾಮಾನ್ಯವಾಗಿ 1,500 ಗಂಟೆಯ ಅನುಭವವನ್ನು ಕಡ್ಡಾಯ ಮಾಡಿತು. ಚಾಲಕರ ಅಭಾವ ತಲೆದೋರಿತು. ಕಂಪನಿಗಳು ಸಂಬಳ ಏರಿಸಿದುವು. ತಮ್ಮ ಚಾಲಕರನ್ನು ಬಿಟ್ಟುಕೊಡಲಾರದ ಖಾಸಗಿ ಒಡೆಯರೂ ಏರಿಸಬೇಕಾಯಿತು. ಮಂಡಲಿಗಳೂ ಉಪದೇಶಗಳೂ ಮಾಡಿಸಲಾರದುದನ್ನು ಅಭಾವ ಮಾಡಿಸಿತು; ಸಂತೋಷವೇ, ಆದರೆ ಅಭಾವ ಕೊಟ್ಟುದನ್ನು ಸಮೃದ್ಧಿ ಕಿತ್ತುಕೊಳ್ಳಬಹುದು.

ಕಿತ್ತುಕೊಳ್ಳಬಾರದ ಒಂದು ಅಂಶದತ್ತ ನಾನು ಓದುಗರ ಗಮನವನ್ನು ಸೆಳೆಯಬೇಕಾಗಿದೆ. 2001ರ ಮಾರ್ಚ್ 29ರ ಸಂಜೆ ಕೊಲರಾಡೊ ಬೆಟ್ಟಗಳ ನಡುವಿನ ಆಸ್ಪೆನ್ ನಿಲ್ದಾಣದಲ್ಲಿ ಬಾಡಿಗೆಯ ಗಲ್ಫ್‌ಸ್ಟ್ರೀಮ್ ಜೆಟ್ಟೊಂದು ಇಳಿಯಲೆತ್ನಿಸುತ್ತ ಗುಡ್ಡಕ್ಕೆ ಬಡಿದು 18 ಮಂದಿಯೂ ಸತ್ತರು. ಲಾಸ್ ಏಂಜಲೀಸಿನಿಂದ ವಿಮಾನ ತಡವಾಗಿ ಹೊರಟಿತ್ತು. ಕತ್ತಲಾದ ಮೇಲೆ ಆ ನಿಲ್ದಾಣದಲ್ಲಿ ಇಳಿಯುವಂತಿರಲಿಲ್ಲ. ಬೇರೆಡೆಗೆ ಹೋಗಬೇಕಾದೀತೆಂಬ ಮಾತಿಗೆ ಬಾಡಿಗೆ ಕೊಟ್ಟವನು ಸಿಟ್ಟಾಗಿದ್ದ. ಚಾಲಕರು ನೆಲ ಕಾಣದೆಯೇ ಇಳಿಯಬಾರದ ಎತ್ತರಕ್ಕಿಂತ ಕೆಳಗಿಳಿದರೆಂಬುದು ಮುಖ್ಯ ಕಾರಣವಾದರೂ, ಗಿರಾಕಿಯಿಂದ ಕ್ಯಾಪ್ಟನ್ನನ ಮೇಲೆ ಬಿದ್ದ ಒತ್ತಡವೂ ಒಂದು ಕಾರಣವೆಂದು ಸರ್ಕಾರದ ತನಿಖಾ ಮಂಡಲಿ ಬರೆಯಿತು. ಬೆಲ್ಮಾಂಟ್ ಪಾರ್ಕಿನ ಮುಷ್ಕರವಾಗಿ ಸುಮಾರು ಎಂಬತ್ತೆರಡು ವರ್ಷ ಕಳೆದಿದ್ದುವು.

ಈಗ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿಯೂ ಖಾಸಗಿ ಜೆಟ್ಟುಗಳು ನಿಲ್ಲುತ್ತವೆ. ಜಕ್ಕೂರಿನಲ್ಲಿ ಹಾರಾಟ ಕಲಿತ ಕನ್ನಡದ ಹುಡುಗರು ದೇಶವಿದೇಶಗಳಲ್ಲಿ ಇಂಥ ವಿಮಾನಗಳನ್ನು ನಡೆಸುತ್ತಾರೆ. ವಿಮಾನವಿಟ್ಟುಕೊಂಡ ನಮ್ಮ ಶ್ರೀಮಂತರಲ್ಲಿ ನಮ್ಮ ಬಿನ್ನಹ ಇಷ್ಟೇ: ಚಾಲಕನೊಡನೆ ಕರಾರು ಬರೆಸುವಾಗ ದರ ಎಷ್ಟೆಂಬುದನ್ನು ನಿಮ್ಮ ನಿಮ್ಮ ಶಕ್ತಿಯಿದ್ದಂತೆ ಗೊತ್ತುಮಾಡಿಕೊಳ್ಳಿ, ಆದರೆ ಹವೆ ಸರಿಯಿಲ್ಲವೆಂದೋ ಯಂತ್ರ ಸರಿಯಿಲ್ಲವೆಂದೋ ಚಾಲಕ ಹಾರಲು ಒಪ್ಪದ ದಿನಕ್ಕೂ ಪೂರ್ಣ ದಿನದ ದರ ಸಲ್ಲತಕ್ಕದ್ದು ಎಂಬ ಷರತ್ತನ್ನು ಅದರಲ್ಲಿ ಮೊದಲನೆಯದಾಗಿ ಬರೆಸಿ, ಕೆಳಗೆ ನೀವೇ ರುಜು ಹಾಕಿ.